ಬಳಕೆದಾರರು ಟೈಪ್ ಮಾಡುವ ವೆಬ್ ವಿಳಾಸ: ಮೊಬೈಲ್ ಆ್ಯಪ್‌ನಲ್ಲಿ ಪರೀಕ್ಷಿಸುವುದು ಹೇಗೆ?

ಮಂಡ್ಯ ಜಿಲ್ಲೆಯ ಆಲೆಮನೆಗಳನ್ನೂ ಬೆಲ್ಲದ ವ್ಯಾಪಾರಿಗಳನ್ನೂ ಪಟ್ಟಿ ಮಾಡಿ ತೋರಿಸುವ ಆ್ಯಪ್ ಒಂದನ್ನು ಕಟ್ಟುತ್ತಿದ್ದೀರಿ ಎಂದಿಟ್ಟುಕೊಳ್ಳಿ. ನೋಂದಣಿ ಫಾರ್ಮಿನಲ್ಲಿ ಹೆಸರು, ಊರು, ಫೋನ್ ನಂಬರ್, ಕೊನೆಗೆ ‘ವೆಬ್‌ಸೈಟ್’ ಎಂಬ ಒಂದು ಫೀಲ್ಡ್. ಅದಕ್ಕೆ ಬಂದು ಬೀಳುವ ಸರಕು ಹೀಗಿರುತ್ತದೆ: ಮುಂದೆ ಎಚ್‌ಟಿಟಿಪಿಎಸ್ ಇಲ್ಲದ ವಿಳಾಸ, ಗೂಗಲ್ ಮ್ಯಾಪ್ಸ್‌ನ ‘ಶೇರ್’ ಒತ್ತಿ ತಂದ ಮೂರು ಸಾಲು, ಅದರಲ್ಲಿ ಕೊನೆಯದು ಮಾತ್ರ ಲಿಂಕ್, @ ಗುರುತಿನ ಇನ್‌ಸ್ಟಾಗ್ರಾಂ ಹೆಸರು, ಇಮೇಲ್, ವಾಟ್ಸ್‌ಆ್ಯಪ್ ನಂಬರ್, ಯುಪಿಐ ಕ್ಯೂಆರ್‌ನಿಂದ ಕಾಪಿ ಮಾಡಿದ್ದು, ಇಲ್ಲವೇ ಬರೀ ‘ಇಲ್ಲ’ ಎಂಬ ಪದ.

ಇಷ್ಟಕ್ಕೂ ಸೇರಿಸಿ ಎಲ್ಲಿಂದಲೋ ತಂದ ಒಂದು ಉದ್ದನೆಯ ರೆಜೆಕ್ಸ್ (ಪಠ್ಯದ ರೂಪವನ್ನು ಹೊಂದಿಸಿ ನೋಡುವ ಸೂತ್ರ) ಅಂಟಿಸಿ ‘ಅಮಾನ್ಯ ವಿಳಾಸ’ ಎಂದು ಕೆಂಪಕ್ಷರ ತೋರಿಸುವುದು ರೂಢಿ. ಆಗ ವ್ಯಾಪಾರಿ ಫೀಲ್ಡನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತಾರೆ. ನಷ್ಟ ಆ್ಯಪಿಗೇ. ಮೇಲಿನ ಪಟ್ಟಿಯಲ್ಲಿ ನಿಜಕ್ಕೂ ತಳ್ಳಿಹಾಕಬೇಕಾದವು ಒಂದೆರಡು ಮಾತ್ರ; ಉಳಿದವನ್ನು ಸರಿಪಡಿಸಬಹುದು, ಇಲ್ಲವೇ ಸರಿಯಾದ ಫೀಲ್ಡಿಗೆ ಸಾಗಹಾಕಬಹುದು.

ಕೆಲಸ ಶುರು ಮಾಡುವ ಮೊದಲು ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ವಿಳಾಸದ ರೂಪ ಸರಿಯೇ? ಅದನ್ನು ತೆರೆದರೆ ಅಪಾಯವಿದೆಯೇ? ಆ ವಿಳಾಸದಲ್ಲಿ ನಿಜಕ್ಕೂ ಸೈಟ್ ಇದೆಯೇ? ಮೊದಲನೆಯದನ್ನೂ ಎರಡನೆಯದನ್ನೂ ಫೋನ್ ಮತ್ತು ಸರ್ವರ್ ಎರಡೂ ನೋಡಿಕೊಳ್ಳಲಿ, ಮೂರನೆಯದನ್ನು ಸರ್ವರ್ ಮಾತ್ರ. ಮೂರನ್ನೂ ಒಂದೇ ಫಂಕ್ಷನ್ನಿಗೆ ತುರುಕಿದ ಆ್ಯಪ್‌ಗಳಲ್ಲೇ ಹೆಚ್ಚು ತೊಂದರೆ.

(ಇಲ್ಲಿ ವಿಳಾಸಗಳನ್ನೂ ಫಂಕ್ಷನ್ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದೆ. ಕೋಡ್ ಬರೆಯುವಾಗ ಅವು ಇಂಗ್ಲಿಷ್‌ನಲ್ಲೇ ಇರಬೇಕು. ಉದಾಹರಣೆಗೆ ಬಳಸಿರುವ ಎಕ್ಸಾಂಪಲ್.ಕಾಮ್ ಎಂಬ ಡೊಮೈನನ್ನು ಇಂಥ ಬರವಣಿಗೆಗೆಂದೇ ಕಾಯ್ದಿರಿಸಲಾಗಿದೆ. ನಿಮ್ಮ ಟೆಸ್ಟ್‌ಗಳಿಗೂ ಅದನ್ನೇ ಬಳಸಿ.)

ಹಂತ 1: ಮೊದಲು ಕೀಬೋರ್ಡ್ ಸರಿಮಾಡಿ

ಅರ್ಧ ತಪ್ಪುಗಳು ಹುಟ್ಟುವುದೇ ಕೀಬೋರ್ಡಿನಲ್ಲಿ. ಆಂಡ್ರಾಯ್ಡ್‌ನಲ್ಲಿ ಇನ್‌ಪುಟ್‌ಟೈಪ್ ಅನ್ನು ಟೆಕ್ಸ್ಟ್‌ಯುಆರ್‌ಐ ಮಾಡಿ, ಫ್ಲಟರ್‌ನಲ್ಲಿ ಟೆಕ್ಸ್ಟ್‌ಇನ್‌ಪುಟ್‌ಟೈಪ್.ಯುಆರ್‌ಎಲ್, ಐಒಎಸ್‌ನಲ್ಲಿ ಕೀಬೋರ್ಡ್‌ಟೈಪ್ ಅನ್ನು ಯುಆರ್‌ಎಲ್ ಮಾಡಿ. ಜೊತೆಗೆ ಆಟೋಕರೆಕ್ಟ್ ಮತ್ತು ಆಟೋಕ್ಯಾಪಿಟಲೈಸೇಶನ್ ಎರಡನ್ನೂ ಆಫ್ ಮಾಡಿ. ಇದನ್ನು ಮರೆತರೆ ಊರಿನ ಹೆಸರುಳ್ಳ ಡೊಮೈನನ್ನು ಫೋನೇ ಯಾವುದೋ ಇಂಗ್ಲಿಷ್ ಪದಕ್ಕೆ ತಿದ್ದಿಬಿಡುತ್ತದೆ, ಬಳಕೆದಾರರಿಗೆ ಗೊತ್ತೂ ಆಗುವುದಿಲ್ಲ.

ಪ್ರತಿ ಅಕ್ಷರಕ್ಕೂ ಪರೀಕ್ಷೆ ನಡೆಸಬೇಡಿ. ಮೊದಲ ಅಕ್ಷರ ಒತ್ತುತ್ತಿದ್ದಂತೆ ‘ತಪ್ಪು’ ಎಂದು ಕಿರುಚುವ ಫಾರ್ಮ್ ಯಾರಿಗೂ ಬೇಡ. ಫೀಲ್ಡಿನಿಂದ ಫೋಕಸ್ ಹೋದಾಗ ಒಮ್ಮೆ, ಸೇವ್ ಒತ್ತಿದಾಗ ಇನ್ನೊಮ್ಮೆ, ಅಷ್ಟು ಸಾಕು.

ಹಂತ 2: ಬಂದದ್ದನ್ನು ಜರಡಿ ಹಿಡಿಯಿರಿ

ಇಲ್ಲಿ ಸಮಯ ಕೊಡಿ. ಉಳಿದ ಹಂತಗಳೆಲ್ಲ ಇದರ ಮೇಲೆ ನಿಂತಿವೆ.

ಹಿಂದುಮುಂದಿನ ಖಾಲಿ ಜಾಗ ತೆಗೆಯುವುದನ್ನು ಎಲ್ಲರೂ ಮಾಡುತ್ತಾರೆ. ಕಣ್ಣಿಗೆ ಕಾಣದ ಅಕ್ಷರಗಳನ್ನು ಮರೆಯುತ್ತಾರೆ. ವಾಟ್ಸ್‌ಆ್ಯಪ್, ಪಿಡಿಎಫ್, ವರ್ಡ್ ಕಡತಗಳಿಂದ ಕಾಪಿ ಮಾಡಿದಾಗ ಶೂನ್ಯ ಅಗಲದ ಜಾಗ (ಯೂನಿಕೋಡ್ ಸಂಖ್ಯೆ 200ಬಿ), ಬರವಣಿಗೆಯ ದಿಕ್ಕು ಸೂಚಿಸುವ ಗುರುತುಗಳು, ಮುರಿಯದ ಖಾಲಿ ಜಾಗ ಅಂಟಿಕೊಂಡು ಬರುತ್ತವೆ. ಸಾಮಾನ್ಯ ಟ್ರಿಮ್ ಫಂಕ್ಷನ್ ಇವೆಲ್ಲವನ್ನೂ ತೆಗೆಯುತ್ತದೆ ಎಂದು ನಂಬಬೇಡಿ. ಇವನ್ನು ಹೆಸರಿಟ್ಟು ತೆಗೆಯಿರಿ. ಆದರೆ ಒತ್ತಕ್ಷರ ತಪ್ಪಿಸಲು ಕನ್ನಡದಲ್ಲಿ ಬಳಸುವ ಶೂನ್ಯ ಅಗಲದ ಬೇರ್ಪಡಿಕೆ ಅಕ್ಷರವನ್ನು, ಅಂದರೆ 200ಸಿ ಸಂಖ್ಯೆಯದನ್ನು, ಇದೇ ಪಟ್ಟಿಗೆ ಸೇರಿಸಬೇಡಿ. ಅದರ ಕಥೆ ಮುಂದೆ ಬರುತ್ತದೆ.

ಮುಂದಿನದು, ಮಾತಿನ ನಡುವೆ ಸಿಕ್ಕಿಕೊಂಡ ಲಿಂಕ್. ಪಠ್ಯದಲ್ಲಿ ಎಚ್‌ಟಿಟಿಪಿ:// ಅಥವಾ ಎಚ್‌ಟಿಟಿಪಿಎಸ್:// ಒಂದೇ ಒಂದು ಕಡೆ ಇದ್ದರೆ ಅಲ್ಲಿಂದ ಮುಂದಿನ ಖಾಲಿ ಜಾಗದವರೆಗೆ ಕತ್ತರಿಸಿ ತೆಗೆದುಕೊಳ್ಳಿ, ಬಳಕೆದಾರರಿಗೆ ತೋರಿಸಿ, ‘ಇದೇ ಲಿಂಕ್ ತಾನೇ?’ ಎಂದು ಕೇಳಿ. ಎರಡು ಲಿಂಕ್ ಇದ್ದರೆ ನೀವೇ ಆರಿಸಬೇಡಿ. ಕೊನೆಯಲ್ಲಿ ಅಂಟಿರುವ ಪೂರ್ಣವಿರಾಮ, ಅಲ್ಪವಿರಾಮ, ಮುಚ್ಚುವ ಆವರಣವನ್ನು ತೆಗೆಯಿರಿ. ಆದರೆ ವಿಕಿಪೀಡಿಯ ಲಿಂಕ್‌ಗಳಲ್ಲಿ ಆವರಣ ವಿಳಾಸದ ಭಾಗವೇ ಆಗಿರುತ್ತದೆ. ಹಾಗಾಗಿ ತೆರೆದ ಆವರಣ ಒಳಗಿಲ್ಲದಿದ್ದಾಗ ಮಾತ್ರ ಮುಚ್ಚಿದ್ದನ್ನು ಕತ್ತರಿಸಿ.

ಕನ್ನಡಕ್ಕೇ ವಿಶೇಷವಾದ ಒಂದು ತೊಡಕಿದೆ. ಇಂಗ್ಲಿಷ್‌ನಲ್ಲಿ ವಿಳಾಸದ ನಂತರ ಖಾಲಿ ಜಾಗ ಬರುತ್ತದೆ. ನಾವು ವಿಭಕ್ತಿಯನ್ನು ವಿಳಾಸಕ್ಕೇ ಅಂಟಿಸುತ್ತೇವೆ. ‘ಎಕ್ಸಾಂಪಲ್.ಕಾಮ್‌ಗೆ ಭೇಟಿ ಕೊಡಿ’, ‘ಎಕ್ಸಾಂಪಲ್.ಕಾಮ್‌ನಲ್ಲಿ ಆರ್ಡರ್ ಮಾಡಿ’. ವಿಳಾಸ ಇಂಗ್ಲಿಷ್ ಅಕ್ಷರದಲ್ಲಿದ್ದು ಬಾಲ ಮಾತ್ರ ಕನ್ನಡದಲ್ಲಿದ್ದರೆ, ಬೇರೆ ದೇಶದಲ್ಲಿ ಬರೆದ ಲೈಬ್ರರಿ ‘ಕಾಮ್‌ಗೆ’ ಎಂಬುದನ್ನೇ ಮೇಲ್ಮಟ್ಟದ ಡೊಮೈನ್ (ಕಾಮ್, ಇನ್ ಎಂಬಂಥ ಕೊನೆಯ ತುಂಡು) ಎಂದು ಓದುತ್ತದೆ. ಪರಿಹಾರ ಸರಳ: ಹೋಸ್ಟ್‌ನ (ವಿಳಾಸದಲ್ಲಿ ಸೈಟಿನ ಹೆಸರಿರುವ ಭಾಗ) ಕೊನೆಯ ತುಂಡಿನಲ್ಲಿ ಲ್ಯಾಟಿನ್ ಅಕ್ಷರಗಳ ನಂತರ ಕನ್ನಡ ಅಕ್ಷರಗಳು ಬಂದರೆ ಅಲ್ಲಿಂದ ಕತ್ತರಿಸಿ. ಓರೆಗೆರೆಯ ನಂತರದ ಭಾಗದಲ್ಲಿ ಇದನ್ನು ಮಾಡಲು ಹೋಗಬೇಡಿ. ಅಲ್ಲಿ ಕನ್ನಡ ಇರುವುದು ಸಹಜ.

ಇನ್ನು ಇಮೇಲ್. ಇದನ್ನು ಎಚ್‌ಟಿಟಿಪಿಎಸ್ ಸೇರಿಸುವ ಮೊದಲೇ ಹಿಡಿಯಬೇಕು. ಯಾಕೆಂದರೆ ಇಮೇಲ್ ವಿಳಾಸದ ಮುಂದೆ ಎಚ್‌ಟಿಟಿಪಿಎಸ್:// ಹಚ್ಚಿದರೆ ಅದು ನಿಯಮದ ಪ್ರಕಾರ ಪಕ್ಕಾ ವಿಳಾಸ! @ ಗುರುತಿಗೆ ಮೊದಲಿನದು ಬಳಕೆದಾರ ಹೆಸರು, ನಂತರದ್ದು ಹೋಸ್ಟ್ ಎಂದು ಪಾರ್ಸರ್ (ವಿಳಾಸವನ್ನು ಭಾಗ ಬಿಡಿಸಿ ಓದುವ ಕೋಡ್) ಓದಿಕೊಂಡು, ಬೆಲ್ಲದ ಅಂಗಡಿಯ ವೆಬ್‌ಸೈಟ್ ಎಂದು ಜಿಮೇಲ್‌ನ ಮುಖಪುಟ ತೆರೆಯುತ್ತದೆ. @ ಇದ್ದು ಓರೆಗೆರೆ ಇಲ್ಲದಿದ್ದರೆ ‘ಇದು ಇಮೇಲ್‌ನಂತಿದೆ, ಇಮೇಲ್ ಫೀಲ್ಡಿಗೆ ಹಾಕಲೇ?’ ಎಂದು ಕೇಳಿ. @ ಮೊದಲಲ್ಲೇ ಇದ್ದರೆ ಇನ್‌ಸ್ಟಾಗ್ರಾಂ ಹೆಸರೇ ಎಂದು ಕೇಳಿ, ಹೌದಾದರೆ ಲಿಂಕನ್ನು ನೀವೇ ಕಟ್ಟಿಕೊಡಿ.

ಹಂತ 3: ಸ್ಕೀಮ್ (ವಿಳಾಸದ ಶುರುವಿನ ಎಚ್‌ಟಿಟಿಪಿಎಸ್‌ನಂಥ ಭಾಗ)

ವಿಳಾಸ ಎಚ್‌ಟಿಟಿಪಿ:// ಅಥವಾ ಎಚ್‌ಟಿಟಿಪಿಎಸ್:// ಎಂದು ಶುರುವಾದರೆ ಹಾಗೇ ಬಿಡಿ (ದೊಡ್ಡಕ್ಷರ ಚಿಕ್ಕಕ್ಷರ ಲೆಕ್ಕಕ್ಕಿಲ್ಲ). ಬೇರಾವ ಸ್ಕೀಮ್ ಇದ್ದರೂ ನಿಲ್ಲಿಸಿ. ಏನೂ ಇಲ್ಲದಿದ್ದರೆ ಎಚ್‌ಟಿಟಿಪಿಎಸ್:// ಸೇರಿಸಿ.

‘ಸ್ಕೀಮ್ ಇದೆಯೇ’ ಎಂಬುದನ್ನು ಪಾರ್ಸರ್‌ಗೆ ಕೇಳಿ ತಿಳಿಯಲು ಹೋದರೆ ಎಡವುತ್ತೀರಿ. ವೆಬ್ ವಿಳಾಸದ ರೂಪ ಹೇಳುವ 2005ರ ಆರ್‌ಎಫ್‌ಸಿ 3986 ಎಂಬ ನಿಯಮಾವಳಿಯ ಪ್ರಕಾರ ಸ್ಕೀಮ್ ಹೆಸರಿನಲ್ಲಿ ಚುಕ್ಕಿಯೂ ಇರಬಹುದು. ಹಾಗಾಗಿ ‘ಎಕ್ಸಾಂಪಲ್.ಕಾಮ್:8080’ ಎಂದು ಕೊಟ್ಟರೆ ಫ್ಲಟರ್‌ನ ಭಾಷೆಯಾದ ಡಾರ್ಟ್‌ನ ಪಾರ್ಸರ್ ಎಕ್ಸಾಂಪಲ್.ಕಾಮ್ ಅನ್ನೇ ಸ್ಕೀಮ್ ಎಂದೂ 8080 ಅನ್ನು ಪಾತ್ (ಹೋಸ್ಟ್ ನಂತರದ ಭಾಗ) ಎಂದೂ ಹೇಳುತ್ತದೆ. ಅದರ ತಪ್ಪೇನಿಲ್ಲ, ನಿಯಮವೇ ಹಾಗಿದೆ. ಪಾರ್ಸ್ ಮಾಡುವ ಮೊದಲೇ ನೀವು ನೋಡಿ: ಮೊದಲ ಓರೆಗೆರೆಗೆ ಮುಂಚೆ ಕೋಲನ್ ಇದ್ದು ಅದರ ನಂತರ ಬರೀ ಅಂಕಿಗಳಿದ್ದರೆ ಅದು ಪೋರ್ಟ್ ನಂಬರ್, ಎಚ್‌ಟಿಟಿಪಿಎಸ್ ಸೇರಿಸಿ. ಅಂಕಿಯಲ್ಲದೆ ಬೇರೇನಾದರೂ ಇದ್ದರೆ ಬೇರೆ ಸ್ಕೀಮ್.

ಅನುಮತಿ ಇರುವ ಸ್ಕೀಮ್‌ಗಳ ಪಟ್ಟಿ ಇಡಿ, ನಿಷೇಧದ ಪಟ್ಟಿ ಬೇಡ. ಜಾವಾಸ್ಕ್ರಿಪ್ಟ್, ಡೇಟಾ, ಫೈಲ್, ಕಂಟೆಂಟ್, ಇಂಟೆಂಟ್ ಎಂದು ನಿಷೇಧಿಸುತ್ತಾ ಹೋದರೆ ಪಟ್ಟಿಗೆ ಕೊನೆಯಿಲ್ಲ, ಬಿಟ್ಟುಹೋದ ಒಂದೇ ಸಾಕು ಕೆಡಿಸಲು. ಯುಪಿಐ:// ಲಿಂಕ್ ಬಂದರೆ ‘ಇದು ಹಣ ಪಾವತಿಯ ಲಿಂಕ್, ವೆಬ್‌ಸೈಟ್ ಅಲ್ಲ’ ಎಂದೇ ಹೇಳಿ. ಅದನ್ನು ವೆಬ್‌ಸೈಟ್ ಬಟನ್ನಿಗೆ ಕಟ್ಟಿದರೆ ಗ್ರಾಹಕರು ಅಂಗಡಿ ನೋಡಲು ಒತ್ತಿದಾಗ ಪೇಮೆಂಟ್ ಆ್ಯಪ್ ತೆರೆದುಕೊಳ್ಳುತ್ತದೆ.

ಬಳಕೆದಾರರು ಸ್ಪಷ್ಟವಾಗಿ ಎಚ್‌ಟಿಟಿಪಿ ಎಂದು ಬರೆದಿದ್ದರೆ ಅದನ್ನು ಸದ್ದಿಲ್ಲದೆ ಎಚ್‌ಟಿಟಿಪಿಎಸ್ ಮಾಡಬೇಡಿ. ಸಣ್ಣ ಸೈಟ್‌ಗಳಲ್ಲಿ ಸರ್ಟಿಫಿಕೇಟ್ ಇಲ್ಲದೆ ತೆರೆಯದೇ ಹೋಗಬಹುದು. ಆದರೆ ಆಂಡ್ರಾಯ್ಡ್ 9ರಿಂದೀಚೆಗಿನ ಆವೃತ್ತಿಯನ್ನು ಗುರಿಯಾಗಿಸಿದ ಆ್ಯಪ್‌ಗಳಲ್ಲಿ ಗೂಢಲಿಪಿಯಿಲ್ಲದ ಎಚ್‌ಟಿಟಿಪಿ ತಾನಾಗಿ ತಡೆಯಲ್ಪಡುತ್ತದೆ, ಐಒಎಸ್‌ನಲ್ಲಿ 9ನೇ ಆವೃತ್ತಿಯಿಂದಲೇ ಈ ಕಟ್ಟುಪಾಡು ಇದೆ. ಇಂಥ ಲಿಂಕನ್ನು ಆ್ಯಪ್ ಒಳಗಿನ ವೆಬ್‌ವ್ಯೂನಲ್ಲಿ ತೆರೆಯದೆ ಫೋನಿನ ಬ್ರೌಸರ್‌ಗೆ ಕಳಿಸಿ.

ಹಂತ 4: ಪಾರ್ಸರ್ ಕೈಗೆ ಕೊಡಿ

ಉದ್ದನೆಯ ರೆಜೆಕ್ಸ್ ಬೇಡ ಎನ್ನಲು ಅದು ತಪ್ಪಾಗುತ್ತದೆ ಎನ್ನುವುದೊಂದೇ ಕಾರಣವಲ್ಲ. ಆವರಣದೊಳಗೆ ಆವರಣ, ಅದರ ಮೇಲೆ + ಅಥವಾ * ಇರುವ ರೆಜೆಕ್ಸ್‌ಗೆ ಹೊಂದದ ಉದ್ದನೆಯ ಪಠ್ಯ ಸಿಕ್ಕರೆ ಅದು ಎಲ್ಲ ಸಾಧ್ಯತೆಗಳನ್ನೂ ಹಿಂದೆಮುಂದೆ ಹೋಗಿ ನೋಡುತ್ತ ಕೂರುತ್ತದೆ. ಮುಖ್ಯ ಥ್ರೆಡ್‌ನಲ್ಲಿ ಹೀಗಾಗಿ 5 ಸೆಕೆಂಡ್ ದಾಟಿದರೆ ‘ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ’ ಎಂದು ಆಂಡ್ರಾಯ್ಡ್ ಸಂದೇಶ ತೋರಿಸುತ್ತದೆ. ಪರೀಕ್ಷೆಗೆ ಮುಂಚೆ 2048 ಅಕ್ಷರಗಳ ಮಿತಿ ಹಾಕಿ.

ಪಾರ್ಸರ್‌ಗಳ ಗುಣ ಒಂದೊಂದು ಬಗೆ:

ಆಂಡ್ರಾಯ್ಡ್‌ನ ಯುಆರ್‌ಐ.ಪಾರ್ಸ್ ಪರೀಕ್ಷೆಯನ್ನೇ ಮಾಡುವುದಿಲ್ಲ, ಏನು ಕೊಟ್ಟರೂ ಹೂಂ ಅನ್ನುತ್ತದೆ. ಯುಆರ್‌ಎಲ್‌ಯುಟಿಲ್‌ನ ಈಸ್‌ವ್ಯಾಲಿಡ್‌ಯುಆರ್‌ಎಲ್ ಹೆಸರಿಗೆ ಮಾತ್ರ; ಅದು ನೋಡುವುದು ಮುಂದಿನ ಕೆಲವು ಅಕ್ಷರ. ಪ್ಯಾಟರ್ನ್ಸ್.ವೆಬ್‌ಯುಆರ್‌ಎಲ್ ಪಠ್ಯದಲ್ಲಿ ಲಿಂಕ್ ಹುಡುಕಲು ಚೆನ್ನ, ಆದರೆ ಹಳೆಯ ಆವೃತ್ತಿಗಳಲ್ಲಿ ಮೇಲ್ಮಟ್ಟದ ಡೊಮೈನ್‌ಗಳ ಪಟ್ಟಿ ಅದರೊಳಗೇ ಅಚ್ಚಾಗಿದೆ, ಹಳೆಯ ಫೋನ್ ಹೊಸ ಡೊಮೈನನ್ನು ಒಪ್ಪುವುದಿಲ್ಲ. ಜಾವಾದ ಯುಆರ್‌ಐ ಕ್ಲಾಸ್ ಬಿಗಿ. ಹೋಸ್ಟ್‌ನಲ್ಲಿ ಅಡಿಗೆರೆ ಕಂಡರೆ ಹೋಸ್ಟ್ ಇಲ್ಲವೆಂದೇ ಹೇಳುತ್ತದೆ. ಓಕೆಎಚ್‌ಟಿಟಿಪಿ ಲೈಬ್ರರಿಯ ಟುಎಚ್‌ಟಿಟಿಪಿಯುಆರ್‌ಎಲ್‌ಆರ್‌ನಲ್ ಬ್ರೌಸರ್‌ಗಳ ನಡವಳಿಕೆಗೆ ಹತ್ತಿರ. ಆಂಡ್ರಾಯ್ಡ್‌ನಲ್ಲಿ ಬರೆಯುವವರು ಅದನ್ನೇ ಬಳಸುವುದು ಮೇಲು.

ಐಒಎಸ್‌ನಲ್ಲಿ ಯುಆರ್‌ಎಲ್ ಇನಿಶಿಯಲೈಸರ್‌ನ ಸ್ವಭಾವ 17ನೇ ಆವೃತ್ತಿಯಲ್ಲಿ ಬದಲಾಯಿತು. ಮೊದಲು ಖಾಲಿ ಜಾಗವಿದ್ದರೆ ನಿಲ್ ಕೊಡುತ್ತಿತ್ತು. ಈಗ ತಾನೇ ಶೇಕಡಾ ಸಂಕೇತಕ್ಕೆ (%20 ಎಂಬಂತೆ) ಬದಲಿಸಿ ಒಪ್ಪಿಬಿಡುತ್ತದೆ. ‘ನಿಲ್ ಬಂದರೆ ತಪ್ಪು’ ಎಂದು ಬರೆದಿಟ್ಟ ಹಳೆಯ ಕೋಡ್ ಹೊಸ ಫೋನಿನಲ್ಲಿ ಎಲ್ಲವನ್ನೂ ಪಾಸ್ ಮಾಡುತ್ತದೆ. ಫ್ಲಟರ್‌ನ ಯುಆರ್‌ಐ.ಟ್ರೈಪಾರ್ಸ್ ಕೂಡ ಧಾರಾಳಿ. ‘ಇಲ್ಲ’ ಎಂಬ ಪದವೂ ಅದಕ್ಕೆ ಒಂದು ಸಾಪೇಕ್ಷ ಪಾತ್. ಪಾರ್ಸ್ ಆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಸ್ಕೀಮ್ ಮತ್ತು ಹೋಸ್ಟ್ ಎರಡೂ ಖಾಲಿಯಲ್ಲ ಎಂದು ಕಡ್ಡಾಯವಾಗಿ ನೋಡಿ.

ಲಿಂಕ್ ತೆರೆಯಬಹುದೇ ಎಂದು ಕೇಳುವ ಕ್ಯಾನ್‌ಲಾಂಚ್‌ಯುಆರ್‌ಎಲ್ ಅನ್ನು ಪರೀಕ್ಷೆಗೆ ಬಳಸುವವರಿದ್ದಾರೆ. ಅದು ಹೇಳುವುದು ಆ ಸ್ಕೀಮ್ ತೆರೆಯಬಲ್ಲ ಆ್ಯಪ್ ಫೋನಿನಲ್ಲಿದೆಯೇ ಎಂಬುದನ್ನಷ್ಟೇ. ಆಂಡ್ರಾಯ್ಡ್ 11ರಿಂದ ಮ್ಯಾನಿಫೆಸ್ಟ್‌ನಲ್ಲಿ ಕ್ವೆರೀಸ್ ಬರೆಯದಿದ್ದರೆ ಸರಿಯಾದ ವಿಳಾಸಕ್ಕೂ ‘ಇಲ್ಲ’ ಎನ್ನಬಹುದು.

ಹಂತ 5: ಹೋಸ್ಟ್ ನೋಡಿ

ಚುಕ್ಕಿಗಳ ನಡುವಿನ ಒಂದೊಂದು ತುಂಡು 1ರಿಂದ 63 ಅಕ್ಷರ, ಒಟ್ಟು ಹೆಸರು 253 ಮೀರಬಾರದು. ತುಂಡಿನ ಮೊದಲಲ್ಲೂ ಕೊನೆಯಲ್ಲೂ ಅಡ್ಡಗೆರೆ ಇರಬಾರದು, ನಡುವೆ ಇರಬಹುದು. ಮೈಸೂರು ವಿಶ್ವವಿದ್ಯಾನಿಲಯದ ಯುನಿ-ಮೈಸೋರ್.ಎಸಿ.ಇನ್ ಅನ್ನೇ ತಳ್ಳುವ ಫಾರ್ಮ್ ಮೈಸೂರಿನಲ್ಲಿ ನಡೆಯುವುದಿಲ್ಲ. ಕನಿಷ್ಠ ಒಂದು ಚುಕ್ಕಿ ಇರಲೇಬೇಕು. 0821 ಅಥವಾ 08232 ಎಂದು ಶುರುವಾಗಿ ಅಡ್ಡಗೆರೆ ಹಾಕಿ ಬರೆದ ಲ್ಯಾಂಡ್‌ಲೈನ್ ನಂಬರ್ ಕೂಡ ಹೋಸ್ಟ್ ಹೆಸರಿನ ಉಳಿದೆಲ್ಲ ನಿಯಮ ಪಾಲಿಸುತ್ತದೆ, ಅದನ್ನು ಹಿಡಿಯುವುದು ಈ ಚುಕ್ಕಿಯ ನಿಯಮವೇ. ಕೊನೆಯ ತುಂಡು ಬರೀ ಅಂಕಿಯಾಗಿರಬಾರದು. ಸಾರ್ವಜನಿಕ ಪಟ್ಟಿಗೆ ಐಪಿ ವಿಳಾಸ ಬೇಡವೆಂದೇ ಹೇಳಿ.

ಮೇಲ್ಮಟ್ಟದ ಡೊಮೈನ್ 2ರಿಂದ 4 ಅಕ್ಷರ ಎಂಬ ಹಳೆಯ ನಿಯಮ ಇನ್ನೂ ಹಲವು ಕೋಡ್‌ಗಳಲ್ಲಿ ಉಳಿದಿದೆ. 2013ರಿಂದ ಹೊಸವು ಸಾಲುಸಾಲಾಗಿ ಬಂದು ಈಗ ಸಾವಿರ ದಾಟಿವೆ, ಫೋಟೋಗ್ರಫಿ ಎಂಬ 11 ಅಕ್ಷರದ್ದೂ ಇದೆ. ಪಟ್ಟಿಯನ್ನು ಆ್ಯಪ್ ಒಳಗೆ ಹುದುಗಿಸಬೇಡಿ.

ರೂಪ ಸರಿಯಿದ್ದೂ ವಿಳಾಸ ತಪ್ಪಿರಬಹುದು. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಮೈಸೂರು ಎಂಬ ಉಚ್ಚಾರಕ್ಕೆ ತಕ್ಕಂತೆ ಬದಲಾದರೂ ಹಳೆಯ ಡೊಮೈನ್‌ಗಳು ಹಾಗೇ ಉಳಿದಿವೆ. ಹೊಸ ಕಾಗುಣಿತ ಹಾಕಿದವರ ವಿಳಾಸ ಎಲ್ಲ ಪರೀಕ್ಷೆ ದಾಟಿ ಕೊನೆಗೆ ಎಲ್ಲಿಗೂ ತಲುಪದಿರಬಹುದು. ಅದನ್ನು ಹಿಡಿಯುವ ಜಾಗ ಇದಲ್ಲ, ಹಂತ 8.

ಹಂತ 6: ಕನ್ನಡದ ವಿಳಾಸ

ಕನ್ನಡ ಲಿಪಿಯ .ಭಾರತ ಎಂಬ ಮೇಲ್ಮಟ್ಟದ ಡೊಮೈನ್ ಇದೆ, ನೋಡಿಕೊಳ್ಳುವುದು ನಿಕ್ಸಿ (ದೇಶದ ಡೊಮೈನ್‌ಗಳನ್ನು ನಿರ್ವಹಿಸುವ ಸಂಸ್ಥೆ). ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಒಳಗೆ ಅದು ಪ್ಯೂನಿಕೋಡ್‌ಗೆ (ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಯ ರೂಪ) ಬದಲಾಗಿ ಎಕ್ಸ್‌ಎನ್--2ಎಸ್‌ಸಿಆರ್‌ಜೆ9ಸಿ ಎಂದು ಕೂರುತ್ತದೆ. ಕರ್ನಾಟಕದ ಆ್ಯಪ್ ಇದನ್ನು ತಳ್ಳಿದರೆ ಬೇರಾರು ಒಪ್ಪಬೇಕು?

‘ಅಕ್ಷರ ಮತ್ತು ಅಂಕಿ ಮಾತ್ರ’ ಎಂಬ ರೆಜೆಕ್ಸ್ ಇಲ್ಲಿ ಮುಗ್ಗರಿಸುತ್ತದೆ. ‘ಮೈಸೂರು’ ಎಂಬುದರಲ್ಲಿ ಯೂನಿಕೋಡ್ ಎಣಿಸುವುದು 6 ಸಂಕೇತ. ಮ, ಸ, ರ ಮಾತ್ರ ‘ಅಕ್ಷರ’ ವರ್ಗ, ಉಳಿದ ಮೂರು ಸ್ವರಚಿಹ್ನೆಗಳು ‘ಗುರುತು’ ವರ್ಗ. ಗುರುತು ವರ್ಗವನ್ನು ಸೇರಿಸದಿದ್ದರೆ ಒಂದು ಕಾಗುಣಿತವೂ ದಾಟುವುದಿಲ್ಲ.

ಮೊದಲು ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತನ್ನಿ. ‘ೊ’ ಒಂದೇ ಸಂಕೇತವಾಗಿಯೂ ಬರಬಹುದು, ಎರಡು ಚಿಹ್ನೆ ಸೇರಿಯೂ ಬರಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಆಮೇಲೆ ಪ್ಯೂನಿಕೋಡ್‌ಗೆ ಬದಲಿಸಿ, 63ರ ಮಿತಿಯನ್ನು ಬದಲಿಸಿದ ರೂಪದ ಮೇಲೆ ಎಣಿಸಿ. ಡಾರ್ಟ್ ಇದನ್ನು ತಾನಾಗಿ ಮಾಡುವುದಿಲ್ಲ, ಕನ್ನಡ ಹೋಸ್ಟನ್ನು ಶೇಕಡಾ ಸಂಕೇತ ಮಾಡಿಬಿಡುತ್ತದೆ; ಪ್ಯೂನಿಕೋಡ್ ಪ್ಯಾಕೇಜ್ ಬೇಕು.

ಈಗ 200ಸಿಯ ಕಥೆ. ‘ವೆಬ್‌ಸೈಟ್’ ಮತ್ತು ‘ವೆಬ್ಸೈಟ್’ ನಡುವಿನ ವ್ಯತ್ಯಾಸ ಈ ಕಾಣದ ಅಕ್ಷರವೇ. ಇಂಗ್ಲಿಷೇತರ ಲಿಪಿಯ ಡೊಮೈನ್‌ಗಳ 2003ರ ನಿಯಮ ಅದನ್ನು ಕಿತ್ತುಹಾಕುತ್ತಿತ್ತು. 2010ರ ಹೊಸ ನಿಯಮ, ಹೆಸರು ಐಡಿಎನ್‌ಎ 2008, ಹಲಂತದ ನಂತರ ಬಂದರೆ ಉಳಿಸುತ್ತದೆ. ಜಾವಾದ ಐಡಿಎನ್ ಕ್ಲಾಸ್ ಹಳೆಯ ನಿಯಮದ್ದು. ಫೋನಿನಲ್ಲಿ ಒಂದು, ಸರ್ವರ್‌ನಲ್ಲಿ ಇನ್ನೊಂದು ನಿಯಮ ಬಳಸಿದರೆ ಒಂದೇ ಹೆಸರು ಎರಡು ಡೊಮೈನ್ ಆಗುತ್ತದೆ. ಆಂಡ್ರಾಯ್ಡ್ 7ರಿಂದ ಐಸಿಯು ಲೈಬ್ರರಿಯ ಯುಟಿಎಸ್46 ಸಿಗುತ್ತದೆ. ಅದನ್ನು ‘ನಾನ್‌ಟ್ರಾನ್ಸಿಷನಲ್’ ಸೆಟ್ಟಿಂಗ್‌ನಲ್ಲಿ ಎರಡೂ ಕಡೆ ಬಳಸಿ.

ವೇಷ ಹಾಕುವ ಅಕ್ಷರಗಳೂ ಇವೆ. ‘ಮಂಡ್ಯ’ ಎಂಬಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಹಾಕಿ ‘ಮ೦ಡ್ಯ’ ಎಂದು ಬರೆಯಿರಿ: ಓದುವವರಿಗೆ ಗೊತ್ತಾಗುವುದಿಲ್ಲ, ಡೊಮೈನ್ ಮಾತ್ರ ಬೇರೆಯದು. ಹಳೆಯ ಟೈಪಿಂಗ್ ಅಭ್ಯಾಸದವರು ಗೊತ್ತಿಲ್ಲದೆಯೇ ಹೀಗೆ ಬರೆಯುತ್ತಾರೆ, ಮೋಸಗಾರರು ಗೊತ್ತಿದ್ದು. ತೆಲುಗಿನ ‘ర’ ಕನ್ನಡದ ‘ರ’ದ ಪಕ್ಕ ಕೂತರೂ ಇದೇ ಕಥೆ. ಒಂದು ತುಂಡಿನಲ್ಲಿ ಎರಡು ಲಿಪಿ ಬೆರೆತಿದ್ದರೆ, ಅಥವಾ ಕನ್ನಡ ಅಕ್ಷರಗಳ ನಡುವೆ ಸೊನ್ನೆ ಇದ್ದರೆ, ಸೇವ್ ಮಾಡುವ ಮೊದಲು ಎಚ್ಚರಿಸಿ.

ಪಾತ್‌ನಲ್ಲಿರುವ ಕನ್ನಡದ ಸಮಸ್ಯೆ ಉದ್ದದ್ದು. ಒಂದೊಂದು ಸಂಕೇತ ಯುಟಿಎಫ್-8ರಲ್ಲಿ 3 ಬೈಟ್, ಶೇಕಡಾ ಸಂಕೇತದಲ್ಲಿ 9 ಅಕ್ಷರ. ಕನ್ನಡ ವಿಕಿಪೀಡಿಯದ ‘ಶ್ರೀರಂಗಪಟ್ಟಣ’ ಪುಟದ ಹೆಸರೊಂದೇ 108 ಅಕ್ಷರ ಹಿಡಿಯುತ್ತದೆ. ಡೇಟಾಬೇಸ್ ಕಾಲಂ 255 ಅಕ್ಷರದ್ದಾಗಿದ್ದರೆ ಇಂಥ ಮೂರು ಹೆಸರು ಬಂದರೆ ಮುಗಿಯಿತು. ಈಗಾಗಲೇ % ಇರುವ ವಿಳಾಸವನ್ನು ಮತ್ತೆ ಸಂಕೇತಿಸಬೇಡಿ. ಎಲ್ಲ % ಗುರುತುಗಳೂ %25 ಆಗಿ ಪುಟ ಸಿಗದೆ ಹೋಗುತ್ತದೆ.

ಹಂತ 7: ಸರ್ವರ್‌ನಲ್ಲಿ ಮತ್ತೆ ಎಲ್ಲವನ್ನೂ

ಫೋನಿನ ಪರೀಕ್ಷೆ ಬಳಕೆದಾರರ ಅನುಕೂಲಕ್ಕೆ, ರಕ್ಷಣೆಗಲ್ಲ. ಆ್ಯಪ್ ಇಲ್ಲದೆಯೇ ನಿಮ್ಮ ಎಪಿಐಗೆ ಯಾರು ಬೇಕಾದರೂ ಏನು ಬೇಕಾದರೂ ಕಳಿಸಬಹುದು. ಬಳಕೆದಾರ ಹೆಸರು ಮತ್ತು @ ಇರುವ ವಿಳಾಸವನ್ನು ಇಲ್ಲಿ ತಳ್ಳಿಬಿಡಿ. @ ಗುರುತಿಗೆ ಮೊದಲು ಬ್ಯಾಂಕಿನ ಹೆಸರು ಬರೆದು ನಂತರ ತಮ್ಮ ಹೋಸ್ಟ್ ಇಡುವುದು ಹಳೆಯ ಮೋಸ.

ಲಿಂಕ್‌ನ ಚಿತ್ರ, ಶೀರ್ಷಿಕೆ ತೋರಿಸಲು ಸರ್ವರ್ ಆ ಪುಟವನ್ನು ತರುವುದಾದರೆ ಇನ್ನೊಂದು ಅಪಾಯವಿದೆ: ಅದೇ ಸರ್ವರ್‌ನ ಒಳಮನೆಗೆ ಬಾಗಿಲು ತೆರೆಸುವ ವಿಳಾಸಗಳು. 127.0.0.1, 10, 172.16ರಿಂದ 172.31, 192.168 ಎಂದು ಶುರುವಾಗುವವು, ಕ್ಲೌಡ್ ಸರ್ವರ್‌ಗಳ ಗುಟ್ಟು ಕೊಡುವ 169.254.169.254, ಐಪಿವಿ6ನ ::1 ಇವೆಲ್ಲ ಮುಚ್ಚಿರಬೇಕು. ಪಠ್ಯ ಹೋಲಿಸಿದರೆ ಸಾಲದು. 2130706433 ಎಂಬ ಒಂದೇ ಸಂಖ್ಯೆಯೂ 127.0.0.1 ತಾನೇ. ಹೆಸರನ್ನು ಐಪಿಗೆ ಬದಲಿಸಿ, ಆ ಐಪಿಯನ್ನು ಪರೀಕ್ಷಿಸಿ, ಅದೇ ಐಪಿಗೇ ಸಂಪರ್ಕಿಸಿ. ಪ್ರತಿ ರೀಡೈರೆಕ್ಟ್‌ಗೂ (ಸೈಟ್ ಇನ್ನೊಂದು ವಿಳಾಸಕ್ಕೆ ಕಳಿಸುವುದು) ಇದೇ ಕ್ರಮ.

ಹಂತ 8: ಸೈಟ್ ಇದೆಯೇ?

ಇದನ್ನು ಸೇವ್ ಆದ ಮೇಲೆ ಹಿನ್ನೆಲೆಯಲ್ಲಿ ಮಾಡಿ, ಬಳಕೆದಾರರನ್ನು ಕಾಯಿಸಬೇಡಿ. 5 ಸೆಕೆಂಡ್ ಟೈಮ್‌ಔಟ್, 5 ರೀಡೈರೆಕ್ಟ್ ಮಿತಿ ಸಾಕು. ಮೊದಲು ಹೆಡ್ ವಿನಂತಿ (ಪುಟ ತರದೆ ಅದರ ವಿವರ ಮಾತ್ರ ಕೇಳುವುದು). ಅಂಥ ವಿನಂತಿ ಒಪ್ಪುವುದಿಲ್ಲ ಎಂಬ 405 ಬಂದರೆ ಗೆಟ್ (ಪುಟವನ್ನೇ ಕೇಳುವುದು). 403 ಬಂದರೆ ಸೈಟ್ ಇದೆ, ಯಂತ್ರಗಳನ್ನು ಒಳಗೆ ಬಿಡುತ್ತಿಲ್ಲ ಅಷ್ಟೆ. ಹೆಸರೇ ಸಿಗದಿದ್ದರೆ ಮಾತ್ರ, ಅದೂ ಒಂದು ದಿನ ಬಿಟ್ಟು ಮತ್ತೆ ನೋಡಿ, ವ್ಯಾಪಾರಿಗೆ ತಿಳಿಸಿ. ನವೀಕರಿಸದ ಡೊಮೈನ್ ಬೇರೆಯವರ ಕೈ ಸೇರಿ ಜೂಜಿನ ಪುಟವಾಗುವುದುಂಟು, ಆದ್ದರಿಂದ ತಿಂಗಳಿಗೊಮ್ಮೆ ಮರುಪರೀಕ್ಷೆ ಇರಲಿ.

ಹಂತ 9: ಉಳಿಸುವುದು, ತಪ್ಪು ಹೇಳುವುದು

ಎರಡು ಕಾಲಂ ಇಡಿ: ಬಳಕೆದಾರರು ಬರೆದದ್ದು ಹಾಗೇ, ನೀವು ಸರಿಪಡಿಸಿದ್ದು ಇನ್ನೊಂದರಲ್ಲಿ. ಸ್ಕೀಮ್ ಮತ್ತು ಹೋಸ್ಟ್ ಮಾತ್ರ ಚಿಕ್ಕಕ್ಷರ ಮಾಡಿ. ಪಾತ್‌ನಲ್ಲಿ ದೊಡ್ಡದು ಚಿಕ್ಕದು ಬೇರೆಬೇರೆ, ಕಿರು ಲಿಂಕ್‌ಗಳಂತೂ ಅದರ ಮೇಲೇ ನಿಂತಿವೆ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಕಿತ್ತುಹಾಕಬೇಡಿ, ಕೆಲವು ಸೈಟ್ ಅದಿಲ್ಲದೆ ತೆರೆಯುವುದಿಲ್ಲ.

ತಪ್ಪಿನ ಸಂದೇಶದಲ್ಲಿ ಏನು ಮಾಡಬೇಕೆಂದು ಹೇಳಿ. ‘ಅಮಾನ್ಯ ಯುಆರ್‌ಎಲ್’ ಬೇಡ. ‘ವಿಳಾಸದಲ್ಲಿ ಚುಕ್ಕಿ ಇಲ್ಲ. ಉದಾ: ಎಕ್ಸಾಂಪಲ್.ಕಾಮ್’, ‘ನಡುವೆ ಖಾಲಿ ಜಾಗವಿದೆ, ತೆಗೆಯಿರಿ’ ಬೇಕು. ‘ನಮಗೆ ವೆಬ್‌ಸೈಟ್ ಇಲ್ಲ’ ಎಂಬ ಟಿಕ್ ಬಾಕ್ಸ್ ಒಂದನ್ನು ಪಕ್ಕದಲ್ಲಿಟ್ಟರೆ ‘ಇಲ್ಲ’, ‘-’, ‘ನಂತರ’ ಮುಂತಾದವು ತಾವಾಗೇ ನಿಲ್ಲುತ್ತವೆ.

ಬಿಡುಗಡೆಗೆ ಮುನ್ನ ಇಷ್ಟನ್ನಾದರೂ ಓಡಿಸಿ ನೋಡಿ. ದಾಟಬೇಕಾದವು: ಮೊದಲಕ್ಷರ ದೊಡ್ಡದಾದ ಎಚ್‌ಟಿಟಿಪಿಎಸ್, ಪೋರ್ಟ್ ಇರುವುದು, ಅಡ್ಡಗೆರೆಯ ಡೊಮೈನ್, .ಭಾರತ, ಪಾತ್‌ನಲ್ಲಿ ಕನ್ನಡ, ಮ್ಯಾಪ್ಸ್‌ನ ಮೂರು ಸಾಲು, ಬಾಲದಲ್ಲಿ ‘ನಲ್ಲಿ’ ಅಂಟಿದ್ದು. ನಿಲ್ಲಬೇಕಾದವು: ಇಮೇಲ್, ಲ್ಯಾಂಡ್‌ಲೈನ್ ನಂಬರ್, ಜಾವಾಸ್ಕ್ರಿಪ್ಟ್, ಯುಪಿಐ, ಬರೀ ಎಚ್‌ಟಿಟಿಪಿಎಸ್://, ಒಟ್ಟಿಗೆ ಎರಡು ಚುಕ್ಕಿ, 2130706433, 5000 ಅಕ್ಷರದ ಕಸ. ಎಚ್ಚರಿಕೆ ಬರಬೇಕಾದದ್ದು: ಸೊನ್ನೆ ಹಾಕಿದ ಮ೦ಡ್ಯ.